ಕಲ್ಲು ಸರಿಸುವುದು

ಮೂರನೆಯ ಸಲವೂ ಉಪ್ಪಿನಕಾಯಿ ಬಾಟಲಿಯಲ್ಲೇ ತಂದ.
ಕೌಂಟರಿನ ಮೇಲಿಟ್ಟು, ಟೋಪಿ ತೆಗೆದು,
"ಇದೂ ಆಯಿತು" ಅಂದ ಅಲೋಯಿಸ್ ಕುಬೀಚೆಕ್.
ಒಳಗೆ ನಾನೇ ಮಾರಿದ ನೀಲಿ ಅಕಾರಾ.
ಒಂದು ಕಣ್ಣಿಲ್ಲ. ಬಾಲವಿದ್ದಲ್ಲಿ ದಾರದ ಎಳೆ.

ಹೊರಗೆ ಓಸ್ತ್ರಾವಾದ ಜನವರಿ.
ಎಂಟನೇ ನಂಬರಿನ ಟ್ರಾಮು ಗಾಜು ನಡುಗಿಸಿ ಹೋಯಿತು;
ಅಂಗಡಿಯ ಅರವತ್ತು ತೊಟ್ಟಿಗಳಲ್ಲೂ
ನೀರು ಒಮ್ಮೆ ಹೂಂಗುಟ್ಟಿತು.

ಅವನ ಮನೆಯಲ್ಲಿರುವುದು ಕೆಂಪು ಸಿಕ್ಲಿಡ್, ಗೇಣುದ್ದ,
ದಪ್ಪ ತುಟಿ, ಹಣೆಯ ಮೇಲೊಂದು ಗುಬುಟು.
ಹೆಸರು ಶ್ಟೈಗರ್. ನಮ್ಮ ಕಡೆ
ಗಣಿ ಮೇಸ್ತ್ರಿಯನ್ನು ಬೆನ್ನ ಹಿಂದೆ ಕರೆಯುವುದು ಹಾಗೆ.
ಗಾಜಿಗೆ ಬೆರಳಿಟ್ಟರೆ ಬೆರಳಿನ ಮೇಲೇ ಬರುತ್ತದೆ.
ಥರ್ಮಾಮೀಟರನ್ನೂ ಬಿಟ್ಟಿಲ್ಲ,
ಎರಡು ಒಡೆದಿದೆ.

ಹೇಳುವುದನ್ನೆಲ್ಲ ಹೇಳಿಯಾಗಿತ್ತು ನಾನು.
ಬಣ್ಣ ಹೋಲಬಾರದು: ಕೆಂಪು ಕೆಂಪನ್ನು ಕಂಡರೆ
ತನ್ನ ಜಾಗಕ್ಕೆ ತಾನೇ ನುಗ್ಗಿ ಬಂದೆನೆಂದು ಉರಿಯುತ್ತದೆ.
ಸಣ್ಣದು ಬೇಡ, ಅದು ತುತ್ತು.
ಸಮಸಮದ್ದು ಬೇಡ, ಅದು ಸವಾಲು.
ಸಾಧುವಂತೂ ಬೇಡವೇ ಬೇಡ.
ಓಡುವವನನ್ನು ಅಟ್ಟುವ ರುಚಿ
ಮೀನಿಗೆ ಮಾತ್ರ ಗೊತ್ತಿರುವುದೇನಲ್ಲ.

"ಒಂಟಿಯಾಗಿರಲಿ ಬಿಡಿ, ಕೆಲವಕ್ಕೆ ಅದೇ ಸುಖ."
ಅವನು ಟೋಪಿಯ ಅಂಚು ತಿರುವುತ್ತ ನಿಂತ.
"ಒಂಟಿ ಇದ್ದರೆ ತನ್ನ ನೆರಳಿಗೇ ಗುದ್ದುತ್ತೆ, ಝ್ದಿಸ್ಲಾವಾ.
ರಾತ್ರಿಯಿಡೀ ಟಕ್, ಟಕ್.
ನನಗೂ ನಿದ್ದೆಯಿಲ್ಲ."

ಭಾನುವಾರ ಹೋದೆ. ಆರನೇ ಮಹಡಿ, ಲಿಫ್ಟು ಕೆಟ್ಟಿತ್ತು.
ಗೋಡೆಯುದ್ದಕ್ಕೂ ತೊಟ್ಟಿ, ನಡುವೆ ಒಂದೇ ಕಲ್ಲು:
ಕರಿಯ ಪದರಗಲ್ಲು, ಅದರ ಮೈಮೇಲೆ
ಜರಿಗಿಡದ ಅಚ್ಚು, ಎಳೆ ಎಳೆ ಬಿಡಿಸಿದಂತೆ.
ಗಣಿ ಮುಚ್ಚಿದ ದಿನ ಕೋಟಿನೊಳಗೆ ಬಚ್ಚಿಟ್ಟು
ಒಂಬೈನೂರು ಮೀಟರ್ ಮೇಲಕ್ಕೆ ತಂದದ್ದು.
ಶ್ಟೈಗರ್ ಅದರ ಸುತ್ತ ಪಹರೆ ತಿರುಗುತ್ತಿತ್ತು.

"ಮೊದಲು ಇದನ್ನು ಎತ್ತಿ" ಅಂದೆ.
ಕೇಳಿಸದವನಂತೆ ಕಾಫಿ ಬಗ್ಗಿಸಿದ.
"ಹಳಬನಿಗೆ ತನ್ನ ಜಾಗದ ಗುರುತೇ ಸಿಗಬಾರದು.
ಒಂದು ರಾತ್ರಿಯ ಮಟ್ಟಿಗಾದರೂ
ಇಬ್ಬರೂ ಹೊಸಬರಾಗಬೇಕು."

ಬಹಳ ಹೊತ್ತಿನ ಮೇಲೆ ಬಾಯಿಬಿಟ್ಟ:
"ಕೆಳಗೆ ನಮ್ಮ ಪದರ ಸೊಂಟದಷ್ಟೂ ಎತ್ತರವಿರಲಿಲ್ಲ.
ಪಕ್ಕಕ್ಕೆ ಯಾರು ಬೇಕು ಅಂತ ಕೇಳಿದರೆ
ಬಲಶಾಲಿ ಅನ್ನುತ್ತಿರಲಿಲ್ಲ, ಗೆಳೆಯನೂ ಅಲ್ಲ.
ಗೆಳೆಯ ಮಾತಾಡುತ್ತಾನೆ,
ಕಂಬ ಕಿರುಗುಟ್ಟಿದ್ದು ಕೇಳಿಸುವುದಿಲ್ಲ.
ರಾಚೆಕ್ ಅಂತ ಒಬ್ಬನಿದ್ದ. ಗೋಡೆಗಂಟಿಕೊಂಡು
ತನ್ನ ಪಾಡಿಗೆ ತಾನು ಕೆರೆಯುತ್ತಿದ್ದ, ಹತ್ತೊಂಬತ್ತು ವರ್ಷ.
ಅವನ ಹೆಂಡತಿಯ ಹೆಸರು ತಿಳಿದದ್ದು
ಗಣಿ ಮುಚ್ಚಿದ ದಿನ."

ಆಗ ನೆನಪಾಯಿತು ನನಗೆ, ಅಂಗಡಿಯ ಮೂಲೆಯಲ್ಲಿ
ಎರಡು ವರ್ಷದಿಂದ ಯಾರೂ ಕೊಳ್ಳದ ಪ್ಲೆಕೋ.
ಮೈತುಂಬ ಎಲುಬಿನ ತಗಡು, ಹೊಟ್ಟೆಯ ಕಡೆ ಬಾಯಿ,
ಚಂದ ಅನ್ನಲು ಮನಸ್ಸು ಬೇಕು.
ಗಾಜಿಗಂಟಿ ಪಾಚಿ ಕೆರೆಯುತ್ತದೆ.
ಕಚ್ಚಿದರೆ ಕಚ್ಚಿದವನ ಹಲ್ಲಿಗೇ ನಷ್ಟ.

ಬುಧವಾರ ರಾತ್ರಿ ತೋಳು ಮಡಿಸಿದ.
ಕಲ್ಲು ಎದ್ದಾಗ ನೀರೆಲ್ಲ ಕಪ್ಪಾಯಿತು.
ಶ್ಟೈಗರ್ ಅವನ ಮಣಿಕಟ್ಟಿಗೆ ಎರಡು ಸಲ ಬಂತು,
ಆಮೇಲೆ ಇಲ್ಲದ ಕಲ್ಲಿಗೆ ಒಂದು ಸುತ್ತು ಹಾಕಿತು.
ಇನ್ನೊಂದು. ನಿಂತಿತು.
ದೀಪ ಆರಿಸಿ ಪ್ಲೆಕೋವನ್ನು ಬಿಟ್ಟೆ.

ಕತ್ತಲಲ್ಲಿ ಕುಳಿತೆವು. ಅವನ ತೊಡೆಯ ಮೇಲೆ
ಒದ್ದೆ ಕಲ್ಲು, ಪ್ಯಾಂಟಿಗೆ ಇಳಿಯುವ ನೀರು.
ಒಂದು ಸಲ ಧಡಕ್ಕೆಂದಿತು. ಅವನು ಎದ್ದೇಬಿಟ್ಟ.
ನಾನು ತೋಳು ಹಿಡಿದೆ.
ಆಮೇಲೆ ಎಲ್ಲೋ ಮೂಲೆಯಿಂದ, ಮೆಲ್ಲಗೆ,
ಗಾಜು ಕೆರೆಯುವ ಸದ್ದು: ಸರ್, ಸರ್.

"ಇದನ್ನೆಲ್ಲಿಡಲಿ?" ಅಂದ.
"ಎಲ್ಲಾದರೂ. ಮೊದಲಿದ್ದಲ್ಲಿ ಬೇಡ."

ಶನಿವಾರ ಬಂದ. ಕೈಯಲ್ಲಿ ಬಾಟಲಿ ಇರಲಿಲ್ಲ.
ಹೇಗಿವೆ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ.
ಅವನೂ ಹೇಳಲಿಲ್ಲ. ಜೇಬು ತಡಕಿ
ಚಿಲ್ಲರೆ ಎಣಿಸಿಟ್ಟು,
ಒಂದು ಥರ್ಮಾಮೀಟರ್ ಕೊಡು ಅಂದ.