ಕುರಿ ಲೆಕ್ಕ

ಅಜ್ಜಿ ಹೇಳುತ್ತಿದ್ದಳು: ನಮ್ಮ ಮೂಲದವನು ದೊರೆ,
ಕುದುರೆಯಿಂದಿಳಿದು ನೆಲ ಮುಟ್ಟಿದವನೇ ಅಲ್ಲ.

ಸ್ಕಾಟ್ಲೆಂಡಿನಿಂದ ಬಂದ ಕಾಗದದಲ್ಲಿ ಬೇರೆ ಮಾತು:
ಅಲೆಕ್ಸಾಂಡರ್ ಮಕ್ರೇ, ವಯಸ್ಸು ಹತ್ತೊಂಬತ್ತು,
ಎಡಗಿವಿ ಹರಿದಿದೆ, ಕದ್ದದ್ದು ಮೂರು ಕುರಿ.
ನೇಣೋ, ಪಲ್ಟನ್ನೋ ಎಂದು ಕೇಳಿದರಂತೆ.

ಗಂಜಾಂನ ನನ್ನ ಮಟನ್ ಅಂಗಡಿಯಲ್ಲಿ
ಬನ್ನೂರು ಕುರಿಯೊಂದು ಕೊಕ್ಕೆಯಲ್ಲಿ ತೂಗುತ್ತಿತ್ತು.
ಕತ್ತಿ ಕೆಳಗಿಟ್ಟು ಎರಡು ಸಲ ಓದಿದೆ.
ರೇಷನ್ ಕಾರ್ಡಿನಲ್ಲಿ ನಾನು ಮಕರಯ್ಯ;
ತಿದ್ದಿಸಲು ಅಲೆದು ಅಲೆದು ಬಿಟ್ಟಿದ್ದೆ.
‘ಗಿರಾಕಿಗಳ ಮುಂದೆ ಅಂದುಬಿಟ್ಟೀರಿ’ ಎಂದು ಲೂರ್ದಮೇರಿ
ಕಾಗದವನ್ನು ತೂಕದ ಕಲ್ಲಿನಡಿ ತಳ್ಳಿದಳು.

ಭಾನುವಾರ ಹೊಳೆದಂಡೆಯ ಗೋರಿಗಳಲ್ಲಿ ಹುಡುಕಿದೆ.
ಕ್ಯಾಪ್ಟನ್ನರಿಗೆ ಕಲ್ಲಿದೆ, ಮೇಜರನ ಹೆಂಡತಿಗೂ ಇದೆ.
ಅವನಿಗಿಲ್ಲ. ಬೇಲಿಯಾಚೆ
ಯಾರದೋ ಕುರಿಗಳು ಮೇಯುತ್ತಿದ್ದವು.

ಎಣಿಸಿದೆ, ಯಾಕೋ.
ಕಾಯುವ ಹುಡುಗ ಎದ್ದು ನಿಂತು
ನನ್ನನ್ನೇ ನೋಡಿದ.