ಮೂವತ್ತೊಂದನೇ ಪುಟ

ನಿಯಮ ಒಂದೇ, ಅಂದಿದ್ದರು ಅನಾಹಿತಾ ಮೇಡಂ
ಪಣಜಿಯ ಸಭಾಂಗಣದ ಮೆಟ್ಟಿಲ ಮೇಲೆ:
'ಆಕೆ ಹೇಳುತ್ತಾಳೆ' ಅನ್ನಬೇಡಿ.
ಆಕೆ 'ನಾನು' ಅಂದರೆ ನೀವೂ 'ನಾನು' ಅನ್ನಿ.
ದಿನಕ್ಕೆ ಸಾವಿರದೈನೂರು, ಊಟ ಬೇರೆ.

ಹಾಗಾಗಿ ಆ ದಿನ, ಇಸ್ತ್ರಿಯ ಅಂಗಿ ತೊಟ್ಟು,
ಆಗಷ್ಟೇ ಬೋಳಿಸಿದ ಗದ್ದ ಹೊತ್ತು,
ಹನ್ನೊಂದು ಗಂಟೆಯಿಂದ ನಾನು ಹುಲಿಗೆಮ್ಮ.
ಖಾರಿವಾಡದ ಧಕ್ಕೆಯಲ್ಲಿ ಬಂಗಡೆ ಆರಿಸುತ್ತೇನೆ.
ನನ್ನ ರೇಷನ್ ಕಾರ್ಡು ಕುಷ್ಟಗಿಯಲ್ಲಿದೆ,
ನನ್ನ ಹೊಟ್ಟೆ ವಾಸ್ಕೋದಲ್ಲಿ.
ಖೋಲಿಯ ಬಾಡಿಗೆಗೊಂದು ಚೀಟಿ ಕೊಡಿ ಅಂದರೆ
ಮಾಲೀಕ ಹಲ್ಲು ಚುಚ್ಚಿಕೊಳ್ಳುತ್ತ ನಗುತ್ತಾನೆ.
ಬೆರಳು ಒತ್ತು ಅನ್ನುತ್ತಾರೆ. ಒತ್ತುತ್ತೇನೆ.
ಯಂತ್ರ ನನ್ನನ್ನು ಗುರುತಿಸುವುದಿಲ್ಲ.
ಗೆರೆಗಳನ್ನು ಉಪ್ಪು ತಿಂದಿದೆ.

ಮೈಕಿನಲ್ಲಿ ನನ್ನ ಇಂಗ್ಲಿಷು ನುಣ್ಣಗೆ ಹರಿಯುತ್ತಿತ್ತು.
ದಿಲ್ಲಿಯಿಂದ ಬಂದ ನಿವೃತ್ತ ನ್ಯಾಯಮೂರ್ತಿ
ಕಣ್ಣು ಒರೆಸಿಕೊಂಡರು, ಅಥವಾ ಕನ್ನಡಕ.

ಸಂಸ್ಥೆಯವರು ಕೆಟ್ಟವರಲ್ಲ. ಇದನ್ನು ಬರೆಯಲೇಬೇಕು.
ಹದಿನಾಲ್ಕು ರಾಜ್ಯ ತಿರುಗಿದ್ದರು.
ಎಸ್ಪೆರಾನ್ಸಾ ಬಾಯಿ ತನ್ನ ದುಡ್ಡಲ್ಲೇ ಬಸ್ಸು ಮಾಡಿ
ಝುವಾರಿನಗರದಿಂದ ಮೂವತ್ತು ಹೆಂಗಸರನ್ನು ಕರೆತಂದಿದ್ದಳು,
ವಾಂತಿ ಬರುವವರಿಗೆಂದು ಲಿಂಬೆಹಣ್ಣು ಸಮೇತ.

ಮಧ್ಯಾಹ್ನದ ಹೊತ್ತಿಗೆ ಹುಲಿಗೆಮ್ಮ ನಳದ ಮಾತು ತೆಗೆದಳು.
ಉದ್ದ ಮಾತು. ನಿಲ್ಲಿಸಿ ನಿಲ್ಲಿಸಿ ಆಡಿದಳು.
ನನ್ನ ಸರದಿ ಬಂತು. ಅಲ್ಲೇ, ಯಾಕೋ, ನಾಲಿಗೆ ಜಾರಿತು.
ಬೆಳಗಿನಿಂದ ತಿಕ್ಕಿ ತಿಕ್ಕಿ
'ನಾನು' ಅನ್ನುವ ಶಬ್ದ ತೆಳ್ಳಗಾಗಿ
ಒಳಗಿನದು ಕಾಣತೊಡಗಿತ್ತೋ ಏನೋ.
ಮೈಕಿಗೆ ಅಂದೆ:
'ಮನೆ ಕೆಡವಿದ ದಿನ ನಾನು ಮೊದಲು ಎತ್ತಿಕೊಂಡದ್ದು ಬಾಗಿಲು.
ತಲೆಯ ಮೇಲೆ ಹೊತ್ತು ನಡೆದೆ.
ದಾರಿಯುದ್ದಕ್ಕೂ ಚಿಲಕ ಬಡಿದುಕೊಳ್ಳುತ್ತಿತ್ತು.'

ಸಭೆ ಗಪ್ಪಾಯಿತು.
ಅದು ಬೈನಾದ ದಂಡೆ. ಹೊತ್ತವಳು ನನ್ನವ್ವ.
ಹಿಂದೆ ನಾನು, ಏಳು ವರ್ಷ, ಕಂಕುಳಲ್ಲಿ ಕೋಳಿ.
ಹುಲಿಗೆಮ್ಮನಿಗೋ, ಕೆಡವಲು ಮನೆಯೇ ಇರಲಿಲ್ಲ.

ಆರು ತಿಂಗಳಿಗೆ ವರದಿ ಬಂತು. ಮಿರಿಮಿರಿ ಕಾಗದ.
ಮೂವತ್ತೊಂದನೇ ಪುಟದಲ್ಲಿ ಅವಳ ಫೋಟೋ,
ಕೆಳಗೆ ದಪ್ಪಕ್ಷರದಲ್ಲಿ ಬಾಗಿಲು.
ಅಲ್ಲಿ ಯಾರೋ ದೊಡ್ಡವರು ಆ ಸಾಲನ್ನೇ ಎರಡು ಸಲ ಓದಿಸಿದರಂತೆ.

ಪ್ರತಿ ಹಿಡಿದು ಧಕ್ಕೆಗೆ ಹೋದೆ.
'ಓದು' ಅಂದಳು, ಕೈ ಸೀರೆಗೆ ಒರೆಸಿಕೊಂಡರೂ
ಪುಟ ಮುಟ್ಟದೆ.
ಬೇರೆ ಏನಾದರೂ ಓದಬಹುದಿತ್ತು.
ಇದ್ದದ್ದನ್ನೇ ಕನ್ನಡಕ್ಕೆ ತಂದೆ.

'ಬಾಗ್ಲಾ ಹೊತ್ತಾಕಿ ಯಾರಪಾ?'
'ನಮ್ಮವ್ವ.'
'ಅದಾಳೇನು?'
'ಇಲ್ಲ.'
ಒಂದು ಬುಟ್ಟಿ ತುಂಬುವಷ್ಟು ಹೊತ್ತು ಮಾತಿಲ್ಲ.
'ಇರ್ಲಿ ಬಿಡು. ನನ್ನ ಹೆಸರಾಗ ಕುಂದ್ರಲಿ.
ಆಕಿಗೂ ಎಲ್ಲೋ ಒಂದ್ ಕಾಗದದಾಗ
ಜಾಗಾ ಸಿಕ್ಕಂಗಾತು.'

ಸುಮ್ಮನೆ ಅಲ್ಲಿಗೆ ಮುಗಿಯಬಹುದಿತ್ತು.
ನಾನು ಬ್ಯಾಗಿನ ಜಿಪ್ಪು ಎಳೆಯುತ್ತಿದ್ದೆ.

'ಖರೆ, ಅವತ್ತ ನಾ ನಳದ್ದು ಹೇಳಿದ್ನೆಲ್ಲ,'
ಅಂದಳು, ಮಂಜುಗಡ್ಡೆ ಸುರಿಯುತ್ತ,
'ಗಟಾರದಾಗ ಬಗ್ಗಿ ತಂಬಿಗಿ ಹಿಡಿಯೂದು,
ಮೂರ್ ದಿನಕ್ಕೊಮ್ಮೆ ರಾತ್ರಿ ಎರಡಕ್ಕ ಬರೂದು,
ಅದು ಎಷ್ಟನೇ ಪುಟದಾಗ ಐತಿ?'

ಮೂವತ್ತೆರಡು ತಿರುವಿದೆ.
ಮೂವತ್ಮೂರು.
ಬೆರಳಿಗಂಟಿದ್ದ ಮೀನಿನ ಹುರುಪೆಯೊಂದು
ಯಾವುದೋ ನಕ್ಷೆಯ ಮೇಲೆ, ಜಾರ್ಖಂಡದ ಹತ್ತಿರ, ಕೂತುಬಿಟ್ಟಿತು.
ಕೊನೆಯ ಪುಟದಲ್ಲಿ ದಾನಿಗಳ ಹೆಸರು.
ಮತ್ತೆ ಮೊದಲಿನಿಂದ ಶುರು ಮಾಡಿದೆ.

'ನಿಧಾನಕ್ಕ ಹುಡುಕು,' ಅಂದಳು ಹುಲಿಗೆಮ್ಮ.
'ನೀರ ಬರೂದು ನಾಡದ್ದು.'