ಹದಿನಾರು ಬಿಳುಪು

ನನ್ನ ಕಸುಬು ಹಲ್ಲು ಮಾಡುವುದು.
ಕಲಬುರಗಿಯ ಡಾಕ್ಟರುಗಳು ಬಾಯಿಯ ಅಚ್ಚು ಕಳಿಸುತ್ತಾರೆ,
ನಾನು ಮುಖ ನೋಡದೆ ನಗು ತಯಾರಿಸುತ್ತೇನೆ.
ಭಟ್ಟಿಯೊಳಗೆ ಒಂಬೈನೂರು ಡಿಗ್ರಿ, ಹೊರಗೆ ನಲವತ್ನಾಲ್ಕು,
ಎರಡರ ನಡುವೆ ಒಂದು ಟೇಬಲ್ ಫ್ಯಾನು,
ಅದೂ ಕರೆಂಟಿದ್ದರೆ.

ಕಪಾಟಿನಲ್ಲಿ ಒಂಬತ್ತು ಇಂಗ್ಲಿಷ್ ಜಗ್ಗುಗಳು.
ಹಲ್ಲಿನ ಅಂಗಡಿಯಲ್ಲಿ ಇವೇಕೆ ಎಂದವರಿಗೆ
ಅದೇ ಮಣ್ಣು, ಅದೇ ಬೆಂಕಿ ಅನ್ನುತ್ತೇನೆ.
ಅರ್ಧ ನಿಜ.

ಮೊದಲನೆಯದು ಶಹಾಬಜಾರದ ಗುಜರಿಯದು.
ನಯೀಮೋದ್ದೀನ್ ಅದರ ತುಂಬ ನಟ್ಟು ಬೋಲ್ಟು ಇಟ್ಟಿದ್ದ.
‘ಅಂಗ್ರೇಜರ ಮಾಲು ಸಾಬ್, ಇದನ್ನ ತೂಕಕ್ಕ ಕೊಡಂಗಿಲ್ಲ.’
ಬೋಲ್ಟು ಸಮೇತ ನೂರಾ ನಲವತ್ತಕ್ಕೆ ತಂದೆ.
ಆ ಬೋಲ್ಟುಗಳು ಇನ್ನೂ ಇವೆ,
ಯಾವ ನಟ್ಟಿಗೂ ಕೂಡಿಬಂದಿಲ್ಲ.

ಎರಡನೆಯದು ಬೀದರಿನ ಒಂದು ಕ್ಲಬ್ಬಿನ ಏಲಮ್ಮಿನಲ್ಲಿ.
ಮೂರನೆಯದರ ಕಥೆ ಹೇಳುವುದಿಲ್ಲ,
ಮಾರಿದವನ ಹೆಂಡತಿಗೆ ಇನ್ನೂ ಗೊತ್ತಿಲ್ಲ.
ನಾಲ್ಕನೆಯದು ಎರಡು ದಿನ ಕಾಣೆಯಾಗಿ
ಮನೆಯ ಫ್ರಿಜ್ಜಿನಲ್ಲಿ ಸಿಕ್ಕಿತು:
ಹೊರಗೆ ನೀಲಿ ಬಳ್ಳಿ, ಒಳಗೆ ಮಜ್ಜಿಗೆ, ಮೇಲೆ ಕರಿಬೇವು.
‘ಬಾಯಿ ಅದ, ಹಿಡಿಕಿ ಅದ, ಹೊಟ್ಟಿ ಅದ,
ಮತ್ಯಾತಕ್ಕ ಮಾಡ್ಯಾರ್ರೀ ಅದನ್ನ?’ ಅಂದಳು ಗಂಗಾಬಾಯಿ.
ಉತ್ತರ ಹೊಳೆಯಲಿಲ್ಲ. ಬಗ್ಗಿಸಿ ಕುಡಿದೆ.
ನೂರು ವರ್ಷದ ಮೂತಿ, ಧಾರೆ ಕತ್ತರಿಸಿದಂತೆ ನಿಂತಿತು,
ಒಂದು ಹನಿ ಗದ್ದಕ್ಕಿಳಿಯಲಿಲ್ಲ.

ರಾತ್ರಿ ಅಂಗಡಿ ಮುಚ್ಚಿ ಅವನ್ನು ತಲೆಕೆಳಗು ಮಾಡುತ್ತೇನೆ.
ತಳದಲ್ಲಿ ಸಿಂಹ, ಗಂಟು, ಊರಿನ ಹೆಸರು,
ಇವೆಲ್ಲ ಕಂಪನಿಯವು.
ಪಕ್ಕದಲ್ಲಿ ಕೆಂಪಗೆ, ಇರುವೆಯಷ್ಟು, ಕೈಯಲ್ಲಿ ಬರೆದ ೪೧.
ಹೂವಿಗೆ ಬಣ್ಣ ತುಂಬಿದವರ ನಂಬರಂತೆ,
ವಾರದ ಕೊನೆಗೆ ಹೂವು ಎಣಿಸಿ ಕೂಲಿ ಕೊಡಲು.
ಆ ಕೈ ಗಂಡಸಿನದೋ ಹೆಂಗಸಿನದೋ.
ಒಂದು ಎಲೆಯಲ್ಲಿ ಬಣ್ಣ ಗೆರೆ ದಾಟಿದೆ.
ಊಟದ ಗಂಟೆ ಹೊಡೆದಿರಬೇಕು.

ನನ್ನ ಹತ್ತಿರ ಒಂದು ಪಟ್ಟಿ ಇದೆ, ಹದಿನಾರು ಬಿಳುಪಿನದು.
ಎಲ್ಲರೂ ಬೆರಳಿಡುವುದು ಮೊದಲನೆಯದರ ಮೇಲೆ.
ಹೋದ ಚಳಿಗಾಲ ಗುರುಮಠಕಲ್ಲಿನಿಂದ ಮಲ್ಕಮ್ಮ ಬಂದಳು,
ಡಾಕ್ಟರರ ಚೀಟಿ ಸೆರಗಿನ ಗಂಟಿನಲ್ಲಿ.
ಮುಂದಿನ ಒಂದೇ ಹಲ್ಲು.
ಅವರ ಬೋರಿನ ನೀರು ಕುಡಿದ ಬಾಯಿ:
ಉಳಿದ ಹಲ್ಲುಗಳ ಮೇಲೆ ಕಂದು ಗೆರೆ, ಅಡ್ಡಡ್ಡ.
ಪಟ್ಟಿ ಹಿಡಿದರೆ ಪಕ್ಕಕ್ಕೆ ಸರಿಸಿದಳು.
‘ನಮ್ಮ ನೀರಿನ ಬಣ್ಣದ್ದ ಮಾಡ್ರಿ.
ಬಾಜೂದಾವು ನಾಚಬಾರ್ದು.’

ಕಲೆ ತೆಗೆಯಲು ಕಲಿತ ಕೈ
ಅವತ್ತು ಕಲೆ ಬಿಡಿಸಲು ಕೂತಿತು.
ಮೂರು ಕೂದಲಿನ ಕುಂಚ, ಉಸಿರು ಹಿಡಿದು ಒಂದು ಗೆರೆ,
ಸುಟ್ಟು, ನೋಡಿ, ಮತ್ತೊಂದು.
ನಾಲ್ಕನೇ ಸಲ ಭಟ್ಟಿಯ ಬಾಗಿಲು ತೆರೆದಾಗ
ಕಪಾಟಿನ ಕಡೆ ನೋಡಿದೆ, ಯಾಕೋ,
ನಲವತ್ತೊಂದರ ಕಡೆ,
ಪಾಳಿ ಮುಗಿಸಿ ಹೊರಟವರನ್ನು ನೋಡುವ ಹಾಗೆ.

ಒಂಬತ್ತನೆಯದು ನನ್ನದಲ್ಲ.
ವಾಡಿಯ ರೈಲ್ವೆ ಕಾಲೊನಿಯ ಐರಿಸ್ ಟೀಚರು
ಟವೆಲ್ಲಿನಲ್ಲಿ ಸುತ್ತಿ ತಂದದ್ದು, ಮೂತಿ ಮುರಿದದ್ದು.
‘ಇದಕ್ಕೂ ಒಂದು ಹಲ್ಲು ಕಟ್ಟು.’
ಮಾರುತ್ತೀರಾ ಎಂದು ಮೂರು ಬಾರಿ ಕೇಳಿದೆ,
ಮೂರು ಬಾರಿಯೂ ಅವರಿಗೆ ಕಿವಿ ಕೇಳಿಸಲಿಲ್ಲ.
ಹದಿನಾರರಲ್ಲಿ ಒಂದೂ ಹೊಂದಲಿಲ್ಲ.
ಎಂಬತ್ತು ವರ್ಷದ ಚಹಾ ಹೊಕ್ಕ ಬಿರುಕುಗಳ ಆ ಬಿಳುಪಿಗೆ
ಮಲ್ಕಮ್ಮನ ಡಬ್ಬಿಯಲ್ಲಿ ಉಳಿದ ಕಂದೇ ಬೇಕಾಯಿತು,
ಸೂಜಿಮೊನೆಯಷ್ಟು.

ಬೇರೆಯಾಗಿ ಸುಟ್ಟು ಅಂಟಿಸಿ ಕೊಟ್ಟೆ. ಒಂದು ಹಲ್ಲಿನ ದರ.
ಅದರ ಒಳಮಗ್ಗುಲಿಗೆ ಏನೋ ಗೀಚಿದ್ದೇನೆ,
ಬೆರಳು ಹಾಕಿದರೆ ಮಾತ್ರ ಸಿಗುತ್ತದೆ.
ಶುಕ್ರವಾರ ಪ್ಯಾಸೆಂಜರಿನಲ್ಲಿ ಹೋಯಿತು, ತೊಡೆಯ ಮೇಲೆ.

ಭಾನುವಾರ ಫೋನು.
ಹಾಲು ಈಗ ಸ್ವಲ್ಪ ಎಡಕ್ಕೆ ಬೀಳುತ್ತದಂತೆ.
ತಂದುಬಿಡಿ, ತಿದ್ದುತ್ತೇನೆ ಎಂದೆ.
‘ಬೇಡ,’ ಅಂದರು,
‘ಕಪ್ಪನ್ನೇ ಸರಿಸಿ ಇಡ್ತೀನಿ.’